ಅಜ್ಜಿಯ ಮಣ್ಣುಂಡೆ

ಕುಂಡಕ್ಕೆಂದು ಜೇಡಿಮಣ್ಣು ನೆನೆಸಿದರೆ ಆ ವಾಸನೆಗೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಚಿಕ್ಕಂದಿನಲ್ಲಿ ಒಮ್ಮೆ ಕಾನ್ವೆಂಟಿನ ರಜೆಗೆ ಕೂಡ್ಲಿಗಿ ಕಡೆಯ ನಮ್ಮ ಹಟ್ಟಿಗೆ ಬಂದಿದ್ದೆ. ದನಗಳ ನೀರಿಗಾಗಿ ಯೋಜನೆಯೊಂದರ ಹಣದಲ್ಲಿ ಊರವರೇ ಗೋಕಟ್ಟೆ ತೋಡುವವರಿದ್ದರು. ಅಜ್ಜಿ ಹಳ್ಳದ ಮಗ್ಗುಲಿನ ಮಣ್ಣನ್ನು ಉಂಡೆ ಮಾಡಿ ತಂಬಿಗೆಯ ನೀರಿಗೆ ಬಿಟ್ಟಳು. ಮಧ್ಯಾಹ್ನ ಕಳೆದರೂ ಅದು ಕರಗಲಿಲ್ಲ.

"ಇಲ್ಲೇ ನೀರು ನಿಲ್ತೈತ್ರಿ ಸಾಹೇಬ್ರ," ಎಂದಳು.

ಯೋಜನೆಯ ಸಾಹೇಬರು ನಕ್ಕರು. "ಇಲ್ಲಿಗೆ ಕಾರು ಬರಲ್ಲ, ಯಜಮಾನಿ. ದೊಡ್ಡೋರು ನೋಡೋಕೆ ಬರ್ತಾರೆ. ರಸ್ತೆ ಪಕ್ಕ ತೋಡಿ, ಇಲ್ಲಾಂದ್ರೆ ಮಂಜೂರಿ ವಾಪಸ್ ಹೋಗುತ್ತೆ."

ರಸ್ತೆ ಪಕ್ಕದ ಮಣ್ಣಿನ ಉಂಡೆ ನೀರಿಗೆ ಬಿದ್ದೊಡನೆ ಚೂರಾಯಿತು. ಅಜ್ಜಿ ತಂಬಿಗೆಯನ್ನು ಅವರ ಮುಖದ ಮುಂದೆ ಹಿಡಿದಳು. "ನಿಮಗ ನೀರು ನಿಲ್ಲೋ ಜಾಗ ಬೇಕೇನ್ರಿ, ಕಾರು ನಿಲ್ಲೋ ಜಾಗ ಬೇಕೇನ್ರಿ?"

ಸಾಹೇಬರು ಹೇಳಿದಲ್ಲೇ ಊರವರು ತೋಡಿದರು. ದೊಡ್ಡವರು ಬಂದು ಫೋಟೋ ಹೊಡೆಸಿಕೊಂಡರು, ಕಾರು ಹೋಯಿತು. ಮೊದಲ ಮಳೆಯ ನೀರು ಮರುದಿನವೇ ಇಂಗಿತು. ಬರಿದಾದ ಗುಂಡಿಯಲ್ಲಿ ನಮ್ಮ ಆಕಳು ಕೆಸರು ನೆಕ್ಕುತ್ತಿತ್ತು.