ಅತ್ತೆ ಮುಚ್ಚಿದ ಹೊದಿಕೆ

ಎಕ್ಸ್‌ಟೆನ್ಷನ್ ಬಾಕ್ಸಿನ ಮೇಲಿದ್ದ ಹೊದಿಕೆ ಮುಟ್ಟಿದ ಸೊಸೆ ಚುರುಕ್ಕೆಂದು ಕೈ ಹಿಂತೆಗೆದಳು. ಅತ್ತೆಯ ಹೀಟರೂ ಇವಳ ಇಸ್ತ್ರಿಪೆಟ್ಟಿಗೆಯೂ ಆ ಒಂದೇ ಬಾಕ್ಸಿಗೆ ಜೋತುಬಿದ್ದಿದ್ದವು. ಗೋಡೆಯ ಸ್ವಿಚ್ ಆರಿಸಿ ಎರಡನ್ನೂ ಕಿತ್ತಳು.

“ಮಗು ಮುಟ್ಟೀತು ಅಂತ ನಾನೇ ಮುಚ್ಚಿದ್ದು ಕಣೇ,” ಅಂದರು ಅತ್ತೆ. “ಇಸ್ತ್ರಿಗೆ ಬಂದಿರೋ ಆ ಮದುಮಗನ ಕೋಟು ಸಂಜೆಗೆ ಕೊಡಬೇಕಲ್ಲ? ಇನ್ನೊಂದು ಗಳಿಗೆಗೆ ಏನಾಗಲ್ಲ, ಮುಗಿಸಿಬಿಡು.”

“ಕೋಟು ಸಂಜೆಗೇ ಹೋಗತ್ತೆ ಅತ್ತೆ. ಈ ಬಾಕ್ಸ್ ಮಾತ್ರ ಈಗಲೇ ಹೋಗತ್ತೆ. ನಿಮ್ಮ ಹೀಟರ್ ಗೋಡೆಗೇ ಹಾಕ್ತೀನಿ, ಇಸ್ತ್ರಿ ಅಡುಗೆಮನೆಯಲ್ಲಿ.”

“ಅಡುಗೆಕಟ್ಟೆ ಮೇಲೆ ಕೋಟಾ? ಹಾಗೇ ಉಪ್ಪುಖಾರಾನೂ ಹಾಕಿಬಿಡು!”

ನಗುತ್ತಲೇ ಅತ್ತೆ ಹೊದಿಕೆ ಎತ್ತಿದರು. ಒಳಮೈಯಲ್ಲಿ ಅಂಗೈಯಗಲ ಕಪ್ಪಗೆ ಸೀದುಹೋಗಿತ್ತು. ಪಕ್ಕದ ಚಾಪೆಯಲ್ಲಿ ಮೊಮ್ಮಗು ಮಲಗಿತ್ತು. ನಗು ಅಲ್ಲೇ ನಿಂತಿತು. ಅವರು ಹೊದಿಕೆಯನ್ನು ಒಯ್ದು, ಸೀದದ್ದು ಕೆಳಗಾಗುವಂತೆ ಮಡಿಚಿ, ಅಡುಗೆಕಟ್ಟೆಗೆ ಹಾಸಿದರು.

“ಕೋಟು ತಾರೇ,” ಅಂದರು.