ಜಮಖಾನದ ಕೆಳಮಗ್ಗಲು

ಹಳೆಯ ಜಮಖಾನದ ಧೂಳು ಮೂಗಿಗೆ ಬಡಿದರೆ ಈಗಲೂ ಆ ಶನಿವಾರದ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮೂರ ಚರ್ಚಿನ ಜಮಖಾನ ಝಾಡಿಸುವ ಕೆಲಸ ಅಜ್ಜಿಯದೂ ನನ್ನದೂ. ಕ್ರಿಸ್ಮಸ್ ನಾಟಕದಲ್ಲಿ ಯೋಸೇಫನ ಪಾತ್ರ ನನಗೇ ಸಿಗಬೇಕೆಂಬ ಆಸೆ ನನಗಿತ್ತು. ಅವತ್ತು ಅಲ್ಲಿಯವರೆಗೆ ಸುಮ್ಮನೆ ಕೂತಿದ್ದವನು, ಪಾತ್ರ ಹಂಚುವ ಪಾಸ್ಟರ್ ಅಯ್ಯನವರ ಸೈಕಲ್ ಗಂಟೆ ಕೇಳಿದ್ದೇ ಎದ್ದು ಜೋರಾಗಿ ಬಡಿಯತೊಡಗಿದೆ.

“ಭಾಳ ಚೊಲೋ ಹುಡುಗ. ಈ ಸಲ ಇವನಽ ಯೋಸೇಫ,” ಅಂದರು ಅವರು.

“ಹೌದ್ರಿ ಅಯ್ಯಾರ, ನಿಮ್ಮ ಗಂಟಿ ಕೇಳಿದ್ರ ಅಗದಿ ಚೊಲೋ ಆಗ್ತಾನ್ರಿ,” ಅಂದಳು ಅಜ್ಜಿ.

ಅವರು ನಕ್ಕು ಹೋದರು. ಅಜ್ಜಿ ಜಮಖಾನ ಮಗುಚಿ ಹಾಕಿದಳು.

“ಈಗ ಈ ಮಗ್ಗಲಾ ಬಡೀಲೇ. ಇದನ್ನ ದೇವರೊಬ್ಬನಽ ನೋಡ್ತಾನ.”

ಬಡಿದೆ. ಅಜ್ಜಿ ನೋಡುತ್ತಿದ್ದಾಳೋ ಇಲ್ಲವೋ ಎಂದು ಓರೆಗಣ್ಣಿನಲ್ಲಿ ಗಮನಿಸುತ್ತಲೇ ಬಡಿದೆ.