ಮುಖ್ಯ ಅತಿಥಿಯ ಕುರ್ಚಿ

“ನಿಮ್ಮ ನಾಟಕದಲ್ಲಿ ಒಬ್ಬ ರಾಜ ಇದ್ದಾನಂತೆ?” ಎಂದ ರಾಯಭಾರ ಕಚೇರಿಯ ಅಧಿಕಾರಿ, ಹೊಸ ಕೋಟಿಗೆ ತೋಳಿನ ಅಳತೆ ಕೊಡುತ್ತಾ.

ದರ್ಜಿಯ ಕೈಯಲ್ಲಿದ್ದ ಟೇಪು ಅಲ್ಲೇ ನಿಂತಿತು. ಎಂದೋ ಬಿಟ್ಟು ಬಂದ ದೇಶದ ಸರ್ಕಾರ ಇಷ್ಟು ದೂರ ಬಂದು, ತನ್ನ ಹೊಲಿಗೆ ಅಂಗಡಿಯಲ್ಲಿ ಕೈ ಚಾಚಿ ನಿಲ್ಲುತ್ತದೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

“ಇದ್ದಾನೆ ಸಾರ್. ಸುಮ್ನೆ ತಮಾಷೆಗೆ. ಹೊಗಳಿಕೆ ಬಿಟ್ಟು ಬೇರೇನೂ ಕಿವಿಗೆ ಹಾಕ್ಕೊಳ್ಳಲ್ಲ, ಅಷ್ಟೇ.”

“ಅದೇ ತೊಂದರೆ. ನೋಡಿದವರಿಗೆ ನಮ್ಮ ದೊಡ್ಡವರ ನೆನಪಾಗುತ್ತೆ ಅಂತ ನಿಮ್ಮವರೇ ಒಬ್ಬರು ನಮಗೆ ಹೇಳಿದ್ರು. ರಾಜನ್ನ ತೆಗೆದುಬಿಡಿ.” ಅಧಿಕಾರಿ ಇನ್ನೊಂದು ತೋಳು ಚಾಚಿದ. “ಅಂದ ಹಾಗೆ, ನಿಮ್ಮ ಮನೆಯವರ ಪಾಸ್‌ಪೋರ್ಟು ನವೀಕರಣಕ್ಕೆ ಅಂತ ನಮ್ಮ ಕಚೇರಿಯಲ್ಲೇ ಇದೆಯಲ್ಲ? ಮುಂದಿನ ತಿಂಗಳು ಊರಲ್ಲಿ ಅವರ ತಂಗಿ ಮದುವೆ ಅಲ್ವಾ?”

ಮದುವೆಯ ಸುದ್ದಿ ಇವನಿಗೆ ಹೇಗೆ ಗೊತ್ತಾಯಿತೆಂದು ಕೇಳುವ ಬದಲು, ದೊಡ್ಡ ಮನುಷ್ಯರನ್ನು ಕಂಡಾಗ ಅಭ್ಯಾಸಬಲದಿಂದ ಬರುವ ಮಾತೇ ದರ್ಜಿಯ ಬಾಯಿಂದ ಜಾರಿತು. “ನಾಟಕಕ್ಕೆ ಮುಖ್ಯ ಅತಿಥಿಯಾಗಿ ತಾವೇ ಬರಬೇಕು ಸಾರ್.”

“ಬಂದೇ ಬರ್ತೀನಿ. ರಾಜ ಹೋದನೋ ಇಲ್ಲವೋ ನೋಡಬೇಕಲ್ಲ.”

ಸಂಜೆ ವಿಷಯ ಕೇಳಿ ಹೆಂಡತಿ ಕೆಂಡಾಮಂಡಲವಾದಳು. “ರಾಜನ್ನ ತೆಗೆದ್ರೆ ನಾಟಕದಲ್ಲಿ ಉಳಿಯೋದೇನ್ರೀ, ಮಣ್ಣು? ನನ್ನ ಪಾಸ್‌ಪೋರ್ಟು ಬರದಿದ್ರೆ ಬರದಿರ್ಲಿ!” ಎಂದವಳೇ ಅಡುಗೆಮನೆಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ತಾನೇ ಎತ್ತಿ ಆಡಿಸಿದ ತಂಗಿ. ಆ ಅಳು ಕೇಳಲಾರದೆ ದರ್ಜಿ ರಾಜನಿಗೆ ಕತ್ತರಿ ಹಾಕಿದ. ರಾಜನ ಪಾತ್ರ ಹೆಂಡತಿಯ ತಮ್ಮನದು. ಇಲ್ಲಿನ ನಗರದ ಬಸ್ಸು ಓಡಿಸುವ ಅವನು ಸಿಗ್ನಲ್ ಬಿದ್ದಾಗಲೆಲ್ಲ ಮಾತು ಬಾಯಿಪಾಠ ಮಾಡಿದ್ದ. ಮುಖ ಊದಿಸಿಕೊಂಡು ಪರದೆ ಹೊತ್ತು ತರುವ ಕೆಲಸಕ್ಕೆ ನಿಂತ. ಮಂತ್ರಿ, ಸೇನಾಪತಿಗಳು ಬಗ್ಗಿ ಕೈಮುಗಿಯಲು ಏನಾದರೂ ಬೇಕಲ್ಲ ಎಂದು ಸಿಂಹಾಸನವನ್ನು ಮಾತ್ರ ಉಳಿಸಿಕೊಂಡರು. ರಾಜ ಬೇಟೆಗೆ ಹೋಗಿದ್ದಾನೆ ಅಂದುಕೊಂಡರಾಯಿತು.

ನಾಟಕದ ದಿನ ಅಧಿಕಾರಿ ತಡವಾಗಿ ಬಂದ. ಮುಖ್ಯ ಅತಿಥಿಗಳಿಗೆ ಅದೊಂದು ವ್ರತ. ಮುಂಬಾಗಿಲಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲದೆ ಹಿಂಬಾಗಿಲಿಂದ ಒಳಗೆ ಬಂದವನಿಗೆ ಕಂಡದ್ದು ವೇದಿಕೆ, ಝಗಝಗಿಸುವ ದೀಪ, ಪೇಟ ಸುತ್ತಿಕೊಂಡು ಸಾಲಾಗಿ ನಿಂತ ಜನ, ನಟ್ಟನಡುವೆ ಒಂದು ದೊಡ್ಡ ಕುರ್ಚಿ. ಸಂಘ, ಶಾಲೆ, ಕ್ರೀಡಾಕೂಟ ಎಂದು ವರ್ಷಗಟ್ಟಲೆ ವೇದಿಕೆ ಹತ್ತಿ ಇಳಿದ ಮನುಷ್ಯ. ಎಲ್ಲಕ್ಕಿಂತ ದೊಡ್ಡ ಕುರ್ಚಿ ಯಾರದೆಂದು ಎಂದೂ ಯಾರನ್ನೂ ಕೇಳಿದವನಲ್ಲ. ನೆಟ್ಟಗೆ ಹೋಗಿ ಕೂತ. ಪರದೆ ಸರಿಯಿತು.

ಪಕ್ಕದ ಮರೆಯಲ್ಲಿದ್ದ ದರ್ಜಿಯ ಜೀವ ಬಾಯಿಗೆ ಬಂತು. “ಎಳಿಯೇ, ಪರದೆ ಎಳಿಯೇ!”

ಹೆಂಡತಿ ಪರದೆಯ ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. “ಕರೆದವರು ನೀವೇ ತಾನೆ? ಬಂದಿದ್ದಾರೆ, ಕೂತಿದ್ದಾರೆ. ನಡೀಲಿ ಬಿಡಿ.”

ಮಂತ್ರಿ ನಡುಗುತ್ತಲೇ ಬಗ್ಗಿದ. “ಪ್ರಭು, ತಮ್ಮ ರಾಜ್ಯದಲ್ಲಿ ಯಾರಿಗೂ ಯಾವ ಕೊರತೆಯೂ ಇಲ್ಲ.” ಸ್ವಾಗತ ಭಾಷಣ ಚೆನ್ನಾಗಿದೆಯೆಂದು ಅಧಿಕಾರಿ ತಲೆಯಾಡಿಸಿದ. “ಕೊರತೆ ಇದೆ ಎಂದವರೂ ಈಗ ಇಲ್ಲ.” ಅದಕ್ಕೂ ತಲೆಯಾಡಿಸಿದ. ಸಭೆಯಲ್ಲಿ ಯಾರೋ ಕಿಸಕ್ಕೆಂದರು; ಮರುಗಳಿಗೆಗೆ ಇಡೀ ಸಭಾಂಗಣ ಬಿದ್ದು ಬಿದ್ದು ನಗುತ್ತಿತ್ತು. ಜನರಿಗೆ ಇಷ್ಟು ಸಂತೋಷವಾದದ್ದನ್ನು ಕಂಡು ಅಧಿಕಾರಿಗೂ ಹುಮ್ಮಸ್ಸು ಬಂತು. ಎದ್ದು ನಿಂತು, ಎಲ್ಲ ಕಡೆ ಮಾಡುವ ಭಾಷಣವನ್ನೇ ಶುರು ಮಾಡಿದ. “ನಾವು ಎಲ್ಲೇ ಇದ್ದರೂ ನಮ್ಮ ದೊಡ್ಡವರ ಕಣ್ಣು ನಮ್ಮ ಮೇಲಿರುತ್ತದೆ! ಅದಕ್ಕಿಂತ ದೊಡ್ಡ ಭಾಗ್ಯ ಏನಿದೆ?” ಚಪ್ಪಾಳೆಗೆ ಚಾವಣಿ ಹಾರಿಹೋಗುವಂತಾಯಿತು.

ಮರೆಯಲ್ಲಿ ಬಸ್ ಡ್ರೈವರು ಹಲ್ಲು ಕಡಿದ. “ಅಕ್ಕಾ, ಅದು ನನ್ನ ಡೈಲಾಗು ಕಣೇ! ಒಂದಕ್ಷರ ಬಿಡದೆ ನಂದೇ!”

ಸೇನಾಪತಿ ಬಗ್ಗಿದಾಗ ಅವನ ಅಂಟಿಸಿದ ಮೀಸೆ ಕಳಚಿ ಅಧಿಕಾರಿಯ ಬೂಟಿನ ಮೇಲೆ ಬಿತ್ತು. ಅಧಿಕಾರಿ ಮೀಸೆಯನ್ನು ನೋಡಿದ, ಪೇಟಗಳನ್ನು ನೋಡಿದ, ತಾನು ಕೂತ ಕುರ್ಚಿಯನ್ನು ನೋಡಿದ. ಪರದೆ ಮುಚ್ಚಿದ್ದೇ ತಡ, ಕೆಂಪಗಾಗಿ ಮರೆಗೆ ನುಗ್ಗಿದ.

“ಇದನ್ನೆಲ್ಲ ಮೇಲಕ್ಕೆ ವರದಿ ಮಾಡ್ತೀನಿ!”

“ಮಾಡಿ ಸಾರ್” ಎಂದಳು ಹೆಂಡತಿ, ಹಗ್ಗ ಸುತ್ತಿಡುತ್ತಾ. “ಆದ್ರೆ ರಾಜನ ಪಾತ್ರ ಯಾರು ಮಾಡಿದ್ರು ಅಂತ ಅವರು ಕೇಳೇ ಕೇಳ್ತಾರೆ. ಏನು ಹೇಳ್ತೀರಿ?”

ಅಧಿಕಾರಿ ಕೋಟು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ, “ನಾಳೆ ಬಂದು ಪಾಸ್‌ಪೋರ್ಟು ತಗೊಂಡು ಹೋಗಮ್ಮ” ಎಂದ. ದರ್ಜಿಗೆ ಹೆಂಡತಿಯನ್ನು ಅಲ್ಲೇ ಎತ್ತಿಕೊಂಡು ಕುಣಿಯಬೇಕು ಎನ್ನಿಸಿತು. ಬಾಮೈದನ ಎದುರು ನಾಚಿಕೆಯಾಗಿ ಸುಮ್ಮನಾದ.

ಹಿಂಬಾಗಿಲವರೆಗೆ ಹೋದ ಅಧಿಕಾರಿ ಸರ್ರನೆ ಮರಳಿ ಬಂದ. ಹಣೆಯ ಮೇಲೆ ಬೆವರು. ದರ್ಜಿಯನ್ನು ತೋಳು ಹಿಡಿದು ಮೂಲೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದ.

“ಎರಡನೇ ಸಾಲಲ್ಲಿ ಕಂದು ಜಾಕೆಟ್ಟಿನವನೊಬ್ಬ ಇದ್ದ ನೋಡಿ. ಎಲ್ಲರೂ ನಗ್ತಾ ಇದ್ರೆ ಅವನೊಬ್ಬ ಮಾತ್ರ ನಗದೆ ನನ್ನನ್ನೇ ದಿಟ್ಟಿಸ್ತಾ ಇದ್ದ. ಅವನು... ನಿಮ್ಮವನಾ, ನಮ್ಮವನಾ?”